ಚರ್ಮದ ಕಲೆಯೂ ಅಲರ್ಜಿಯೂ ಒಂದೇ ಅಲ್ಲ

ನಮ್ಮ ಹೊನ್ನಾಳಿ, ನ್ಯಾಮತಿ ಸೀಮೆಯ ಮನೆಗಳಲ್ಲಿ ಕೂಸಿಗೆ ಎಣ್ಣೆ ತಿಕ್ಕಿ ಬಿಸಿನೀರೆರೆಯುವುದು ಬಹುಕಾಲದಿಂದ ಬಂದ ಪದ್ಧತಿ. ನನ್ನ ಬಂಧುಗಳ ಮನೆಯೊಂದರಲ್ಲಿ ಎಂಟು ತಿಂಗಳ ಮಗುವಿಗೆ ಹೀಗೆ ಎರೆಯುತ್ತಿದ್ದಾಗ ಅಜ್ಜಿಯವರು ಒಂದು ವಿಚಿತ್ರವನ್ನು ಕಂಡರು. ಮಗುವಿನ ಬೆನ್ನಿನ ಮೇಲಿದ್ದ ಕಂದು ಬಣ್ಣದ ಕಲೆಗಳು, ಕೈಯಿಂದ ತಿಕ್ಕಿದ ಕೆಲವೇ ನಿಮಿಷಗಳಲ್ಲಿ ಕೆಂಪಾಗಿ, ಗಂಧೆಯಂತೆ ಉಬ್ಬಿಕೊಂಡುವು. ಅಜ್ಜಿ "ನಂಜು" ಎಂದರು. ನೆರೆಯವರು "ನಾಗದೋಷ" ಎಂದರು. ಪಟ್ಟಣದಲ್ಲಿ ಓದಿ ಬಂದ ಚಿಕ್ಕಪ್ಪನವರು "ಅಲರ್ಜಿ" ಎಂದರು. ಮೂರೂ ಮಾತುಗಳು ತಪ್ಪು. ಆದರೆ ಮೂರನೆಯದು ವಿಜ್ಞಾನದ ಉಡುಪನ್ನು ತೊಟ್ಟಿದ್ದುದರಿಂದ ಹೆಚ್ಚು ಹಾನಿಯನ್ನು ಮಾಡಿತು. ಮಗುವಿಗೆ ಮೊಟ್ಟೆ, ಕಡಲೆಕಾಯಿ, ಬದನೆಕಾಯಿ, ಕೊನೆಗೆ ಹಸುವಿನ ಹಾಲು ಕೂಡ ನಿಂತುಹೋಯಿತು. ಹಾಕಿಸಬೇಕಾಗಿದ್ದ ಲಸಿಕೆಯನ್ನು ಮುಂದಕ್ಕೆ ಹಾಕಿದರು. ಮಗು ಸೊರಗಿತು, ಕಲೆಗಳು ಮಾತ್ರ ಇದ್ದಂತೆಯೇ ಇದ್ದುವು.

ಭೌತವಿಜ್ಞಾನದ ಉಪಾಧ್ಯಾಯನಿಗೆ ವೈದ್ಯರ ವಿಷಯದಲ್ಲೇನು ಕೆಲಸ ಎಂದು ವಾಚಕರು ಕೇಳಬಹುದು. ಒಂದೇ ಪರಿಣಾಮ ಕಂಡುಬಂದ ಮಾತ್ರಕ್ಕೆ ಕಾರಣವೂ ಒಂದೇ ಎಂದು ತೀರ್ಮಾನಿಸಬಾರದೆಂಬುದು ಎಲ್ಲ ವಿಜ್ಞಾನಗಳ ಮೊದಲನೆಯ ಪಾಠ. ಇಲ್ಲಿ ನಾವು ತಪ್ಪಿರುವುದು ಆ ಪಾಠದಲ್ಲಿಯೇ.

ಈ ಚರ್ಮರೋಗವನ್ನು ಮೊದಲು ವರ್ಣಿಸಿದವನು ಇಂಗ್ಲೆಂಡಿನ ನೆಟಲ್‌ಷಿಪ್. ಅದು 1869ರ ಮಾತು. 1878ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಎಂಬ 24 ವರ್ಷದ ವಿದ್ಯಾರ್ಥಿಯು ದೇಹದ ಅಂಗಾಂಶಗಳಿಗೆ ಬಣ್ಣ ಹಾಕಿ ನೋಡುತ್ತಿದ್ದಾಗ, ಒಡಲ ತುಂಬ ಕಾಳುಗಳನ್ನು ತುಂಬಿಕೊಂಡಿದ್ದ ಕೋಶಗಳನ್ನು ಕಂಡು, ಅವು ಚೆನ್ನಾಗಿ ಮೇದು ಕೊಬ್ಬಿರಬೇಕೆಂದು ಭಾವಿಸಿ "ಮಾಸ್ಟ್ ಕೋಶ"ಗಳೆಂದು ಹೆಸರಿಟ್ಟನು. 1887ರಲ್ಲಿ ಉನ್ನಾ ಎಂಬ ವೈದ್ಯನು ಈ ರೋಗದ ಕಲೆಗಳಲ್ಲಿ ಅದೇ ಕೋಶಗಳು ಕಿಕ್ಕಿರಿದಿರುವುದನ್ನು ತೋರಿಸಿದನು. ಆ ಕಾಳುಗಳಲ್ಲಿರುವುದು ಹಿಸ್ಟಮೀನ್ ಮೊದಲಾದ ದ್ರವ್ಯಗಳು. ಅವು ಹೊರಬಿದ್ದರೆ ಚರ್ಮ ಕೆಂಪೇರಿ, ಉಬ್ಬಿ, ತುರಿಸುತ್ತದೆ.

ಚನ್ನಗಿರಿಯ ಸೂಳೆಕೆರೆಯನ್ನು ನೋಡಿದವರಿಗೆ ಮುಂದಿನ ವಿಷಯ ಸುಲಭ. ಪ್ರತಿಯೊಂದು ಮಾಸ್ಟ್ ಕೋಶವೂ ಒಂದು ಕೆರೆ, ಅದಕ್ಕೊಂದು ತೂಬು. ಅಲರ್ಜಿ ಎಂದರೆ ಆ ತೂಬಿಗೆ ತಕ್ಕ ಬೀಗದ ಕೈ ದೊರೆತಂತೆ. 1966ರಲ್ಲಿ ಇಷಿಜಾಕ ದಂಪತಿಗಳು ಬೆಳಕಿಗೆ ತಂದ ಐಜಿಇ ಎಂಬ ಪ್ರತಿಕಾಯವು ಕೋಶದ ಮೇಲೆ ಕುಳಿತಿರುತ್ತದೆ. ಕಡಲೆಕಾಯಿಯದೋ ಹೂಧೂಳಿಯದೋ ಒಂದು ಪ್ರೋಟೀನು ಬಂದು ಅದಕ್ಕೆ ತಗುಲಿದರೆ ತೂಬು ತೆರೆಯುತ್ತದೆ. ನಮ್ಮ ಮಗುವಿನ ಸ್ಥಿತಿ ಬೇರೆ. ಅದರ ಚರ್ಮದಲ್ಲಿ ಕೆರೆಗಳೇ ಮಿತಿಮೀರಿವೆ. ಅನೇಕ ಮಕ್ಕಳಲ್ಲಿ ಇದಕ್ಕೆ ಕಾರಣ, ಆ ಕೋಶಗಳ ಬೆಳವಣಿಗೆಯನ್ನು ಆಳುವ 'ಕಿಟ್' ಎಂಬ ಜೀನಿನಲ್ಲಾದ ಮಾರ್ಪಾಡು. ಇಲ್ಲಿ ಬೀಗದ ಕೈಯೇ ಬೇಕಿಲ್ಲ. ಏರಿಯನ್ನು ಅಲುಗಿಸಿದರೆ ಸಾಕು, ನೀರು ಚೆಲ್ಲುತ್ತದೆ. ತಿಕ್ಕುವಿಕೆ, ಬಿಸಿನೀರು, ಜಗಳೂರಿನ ಬೇಸಗೆಯ ಬಿಸಿಲು, ಒರಟು ಕಂಬಳಿಯ ಉಜ್ಜು, ಕೆಲವು ನೋವಿನ ಮಾತ್ರೆಗಳು, ಇವೆಲ್ಲ ಅಂಥ ಅಲುಗಾಟಗಳು.

ಹಾಗಾದರೆ ಇಂಥ ಮಕ್ಕಳಿಗೆ ಅಲರ್ಜಿಯೇ ಬರುವುದಿಲ್ಲವೆ? ಬರಬಹುದು, ಆದರೆ ಉಬ್ಬಸವಾಗಲಿ ಆಹಾರದ ಅಲರ್ಜಿಯಾಗಲಿ ಇತರ ಮಕ್ಕಳಲ್ಲಿ ಎಷ್ಟೋ, ಇವರಲ್ಲಿಯೂ ಹೆಚ್ಚುಕಡಮೆ ಅಷ್ಟೇ. ಕೆರೆಗಳು ಹೆಚ್ಚಿದ ಮಾತ್ರಕ್ಕೆ ಬೀಗದ ಕೈಗಳು ಹೆಚ್ಚುವುದಿಲ್ಲವಷ್ಟೆ. ಆದರೆ ಕೈ ದೊರೆತುಬಿಟ್ಟರೆ ಒಮ್ಮೆಗೇ ತೆರೆಯುವ ತೂಬುಗಳು ಬಹಳ. ಮೈಯ ಬಹುಭಾಗವನ್ನು ಕಲೆಗಳು ಆವರಿಸಿರುವ, ರಕ್ತದಲ್ಲಿ ಟ್ರಿಪ್ಟೇಸ್ ಎಂಬ ದ್ರವ್ಯ ಏರಿರುವ ಮಕ್ಕಳಲ್ಲಿ ರಕ್ತದ ಒತ್ತಡ ಕುಸಿದು ಪ್ರಾಣಾಪಾಯವಾಗುವ ಸಂಭವ ಅಧಿಕ. ಚನ್ನಗಿರಿಯ ಅಡಕೆ ತೋಟದಲ್ಲಿ ಅಂಥ ಮಗುವಿಗೆ ಕಡಜ ಕಡಿದರೆ ಅದು ಅಲಕ್ಷಿಸುವ ಸಂಗತಿಯಲ್ಲ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ನಾವು ಭಯಪಡಬಾರದುದಕ್ಕೆ ಭಯಪಡುತ್ತಿದ್ದೇವೆ, ಎಚ್ಚರವಹಿಸಬೇಕಾದಲ್ಲಿ ಮೈಮರೆಯುತ್ತಿದ್ದೇವೆ. ಕಲೆಗಳು ಅಂಟುವುದಿಲ್ಲ, ಅಂಥ ಮಗುವನ್ನು ತರಗತಿಯಲ್ಲಿ ಬೇರೆ ಕೂರಿಸುವುದು ಅನ್ಯಾಯ. ಪರೀಕ್ಷೆಯಿಲ್ಲದೆ ಆಹಾರವನ್ನು ಕಿತ್ತುಕೊಳ್ಳುವುದು ಬೆಳೆಯುವ ದೇಹಕ್ಕೆ ಬಗೆಯುವ ದ್ರೋಹ. ಲಸಿಕೆಯನ್ನು ತಪ್ಪಿಸಬಾರದು, ಹಾಕಿಸಿ, ಸ್ವಲ್ಪ ಹೊತ್ತು ಆಸ್ಪತ್ರೆಯಲ್ಲಿಯೇ ಕಾದಿದ್ದರೆ ಸಾಕು. ಇನ್ನೊಂದು ಕಡೆ, ನೋವಿನ ಔಷಧ ಕೊಳ್ಳುವಾಗ, ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವಾಗ ರೋಗದ ಹೆಸರನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಅದನ್ನು ಬರೆದ ಚೀಟಿಯೊಂದು ಮಗುವಿನ ಶಾಲೆಯ ಚೀಲದಲ್ಲಿರಬೇಕು. ಮೈಯೆಲ್ಲ ಗಂಧೆಯೆದ್ದು ಉಸಿರು ಕಟ್ಟಿದರೆ ಅಥವಾ ಮಗು ಕುಸಿದರೆ ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಮೊದಲನೆಯ ಔಷಧ. ಜಗಳೂರಿನ ಹಳ್ಳಿಯಿಂದ ದಾವಣಗೆರೆಯ ದೊಡ್ಡ ಆಸ್ಪತ್ರೆಯನ್ನು ಮುಟ್ಟುವವರೆಗೆ ಕಾಯಲು ಆಗ ಸಮಯವಿರುವುದಿಲ್ಲ. ಆದಕಾರಣ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಆ ಔಷಧವೂ, ಅದನ್ನು ಕೂಡಲೇ ಕೊಡುವ ಧೈರ್ಯವುಳ್ಳವರೂ ಇರತಕ್ಕದ್ದು.

ಕೊನೆಗೆ ಆ ಮಗುವನ್ನು ನೋಡಿದ ಚರ್ಮವೈದ್ಯರು ಮಾಡಿದುದೇನು? ಒಂದು ಕಲೆಯನ್ನು ಬೆರಳಿನಿಂದ ಮೆಲ್ಲಗೆ ತಿಕ್ಕಿ ಕಾದರು, ಅದು ಉಬ್ಬಿತು. ಫ್ರಾನ್ಸಿನ ಡ್ಯಾರಿಯೆಯ ಹೆಸರಿನಲ್ಲಿ ವೈದ್ಯಗ್ರಂಥಗಳು ಹೇಳುವ ಕುರುಹು ಅದೇ. ಅಜ್ಜಿಯವರು ಬಚ್ಚಲಿನಲ್ಲಿ ಮೊದಲ ದಿನವೇ ಕಂಡದ್ದೂ ಅದನ್ನೇ! ಅವರ ನೋಟ ಸರಿಯಾಗಿತ್ತು. ನಾವು ಓದಿದವರು ಅದಕ್ಕೆ ಕೊಟ್ಟ ಹೆಸರು ತಪ್ಪಾಗಿತ್ತು. ಮಗು ಈಗ ಎಲ್ಲರಂತೆ ಉಣ್ಣುತ್ತಿದೆ, ಶಾಲೆಗೆ ಹೋಗುತ್ತಿದೆ. ಹೆಚ್ಚಿನ ಮಕ್ಕಳಲ್ಲಿ ಹದಿಹರೆಯದ ವೇಳೆಗೆ ಈ ಕಲೆಗಳು ಮಾಸುತ್ತವೆ ಅಥವಾ ಅವುಗಳ ಉಪದ್ರವ ತಗ್ಗುತ್ತದೆ. ಅಷ್ಟರಲ್ಲಿ ನಮ್ಮ ತಪ್ಪು ತಿಳಿವಳಿಕೆಯ ಕಲೆ ಆ ಮಕ್ಕಳ ಮನಸ್ಸಿನ ಮೇಲೆ ಬೀಳದಂತೆ ನೋಡಿಕೊಳ್ಳುವುದು ವಿದ್ಯಾವಂತರಾದ ನಮ್ಮ ನಿಮ್ಮೆಲ್ಲರ ಹೊಣೆ.