ಎರಡು ಕಚೇರಿಗೆ ಒಂದೇ ಹೆಬ್ಬಾಗಿಲು

ಅಣ್ಣತಮ್ಮಂದಿರು ಮನೆಯನ್ನು ಪಾಲು ಮಾಡಿಕೊಂಡರೂ ಹಿತ್ತಲಿನ ಬಾವಿಯನ್ನು ಪಾಲು ಮಾಡಿಕೊಳ್ಳುವುದು ಅಪರೂಪ. ಈಗ ಕಚೇರಿಗಳಲ್ಲಿಯೂ ಇಂಥ ಏರ್ಪಾಟು ಕಾಣಬರುತ್ತಿದೆ. ಕೆಳಗೆ ಅಂಗಡಿಯ ಲೆಕ್ಕದ ಕಚೇರಿ, ಮಹಡಿಯ ಮೇಲೆ ಅದೇ ಮನೆತನದ ಸಾಗಣೆಯ ಕಚೇರಿ. ಎರಡಕ್ಕೂ ಬೇರೆ ಬೇರೆ ಕಂಪ್ಯೂಟರ್ ಜಾಲ. ನಡುವೆ ತಂತಿಯೆಳೆದು ಜೋಡಿಸಿದ್ದಾಗಿದೆ. ಇಂಟರ್‌ನೆಟ್ ಮಾತ್ರ ಕೆಳಗಿನದಕ್ಕೆ ಬಂದಿದೆ. ಮೇಲಿನವರಿಗೂ ಅದನ್ನು ಹಂಚಬಾರದೇಕೆ?

ಹಂಚಬಹುದು, ಆದರೆ ತಂತಿಯೊಂದರಿಂದಲೇ ಅದು ಸಾಧ್ಯವಾಗದು. ಜಾಲಕ್ಕೆ ಬೀದಿಯಂತೆ ಒಂದು ಸಂಖ್ಯೆಯುಂಟು. ಕೆಳಗಿನದು 192.168.1 ಎಂದಿದ್ದರೆ ಮೇಲಿನದು 192.168.2 ಎಂದಿರಲಿ. ಅಂಗಡಿಯಿಂದ ತಂದ ರೂಟರುಗಳು ಹಲವು ವೇಳೆ ಒಂದೇ ಸಂಖ್ಯೆಯನ್ನು ಹೊತ್ತು ಬರುತ್ತವೆ. ಊರಿನಲ್ಲಿ ಒಂದೇ ಹೆಸರಿನ ಎರಡು ಬೀದಿಗಳಿದ್ದರೆ ಅಂಚೆಯವನ ಗತಿಯೇನು? 1996ರ ನಿಯಮದಂತೆ ಇವು ಖಾಸಗಿ ಬಳಕೆಗೆ ಮೀಸಲಾದ ಸಂಖ್ಯೆಗಳು, ಹೊರಗೆ ಚಲಾವಣೆಯಿಲ್ಲ. ಹಳೆಯ ಪದ್ಧತಿಯಲ್ಲಿ ಜಗತ್ತಿಗೆಲ್ಲ ಇರುವ ವಿಳಾಸಗಳು ಸುಮಾರು 429 ಕೋಟಿ ಮಾತ್ರವಾದ್ದರಿಂದ ಈ ಮಿತವ್ಯಯ. ಹೊರಗೆ ಹೋಗುವ ಪ್ರತಿಯೊಂದು ಪತ್ರದ ಮೇಲೂ ಕೆಳಗಿನ ರೂಟರು ತನ್ನ ಹೊರವಿಳಾಸವನ್ನು ಬರೆಯುತ್ತದೆ. ಉತ್ತರ ಬಂದಾಗ ಕೇಳಿದವರಾರೆಂಬುದನ್ನು ನೆನೆದು ಒಳಗೆ ಹಂಚುತ್ತದೆ.

ತೊಡಕು ಇರುವುದು ಇಲ್ಲಿಯೇ. ಮೇಲಿನ ರೂಟರಿಗೆ ಹೋಗುವ ದಾರಿಯನ್ನು ಎಲ್ಲರೂ ಕಲಿಸುತ್ತಾರೆ. ಕೆಳಗಿನದಕ್ಕೆ ಹಿಂದಿರುಗುವ ದಾರಿಯನ್ನು ಕಲಿಸಲು ಮರೆಯುತ್ತಾರೆ. ಪತ್ರ ಹೋಗುತ್ತದೆ, ಉತ್ತರವೂ ಬಾಗಿಲವರೆಗೆ ಬರುತ್ತದೆ. '192.168.2' ಎಂಬ ಬೀದಿಯನ್ನರಿಯದ ಕೆಳಗಿನ ರೂಟರು ಅದನ್ನು ಪುನಃ ಹೊರಕ್ಕೇ ನೂಕಿಬಿಡುತ್ತದೆ! 'ಆ ಬೀದಿಯ ಉತ್ತರಗಳನ್ನು ಮೇಲಿನ ರೂಟರಿಗೆ ಕೊಡು' ಎಂದು ಒಂದು ಸಾಲು ಬರೆದಿಟ್ಟರೆ ಸಾಕು. ಕೆಲವು ರೂಟರುಗಳಿಗೆ ಆ ಬೀದಿಯ ಪತ್ರಗಳ ವಿಳಾಸವನ್ನೂ ಬದಲಿಸುವಂತೆ ಬೇರೆಯಾಗಿ ಹೇಳಬೇಕಾಗುತ್ತದೆ.

ಮೇಲಿನ ರೂಟರೇ ಇನ್ನೊಮ್ಮೆ ವಿಳಾಸ ಬದಲಿಸುವಂತೆ ಮಾಡುವ ಸುಲಭೋಪಾಯವೂ ಉಂಟು. ಆಗ ಹಿಂದಾರಿಯ ಚಿಂತೆಯಿಲ್ಲ. ಆದರೆ ಮೇಲಿನ ಯಂತ್ರಗಳು ಕೆಳಗಿನವರಿಗೆ ಮರೆಯಾಗುತ್ತವೆ. ಮಹಡಿಯ ಮುದ್ರಣಯಂತ್ರದಲ್ಲಿ ಬಿಲ್ಲು ಅಚ್ಚುಮಾಡಬೇಕಾದ ಗುಮಾಸ್ತ ಮೆಟ್ಟಿಲು ಹತ್ತಬೇಕಾದೀತು.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಜೋಡಿಸಿದ ತಂತಿಯಲ್ಲಿ ಇಂಟರ್‌ನೆಟ್ ಮಾತ್ರ ಹರಿಯುವುದಿಲ್ಲ. ಮಹಡಿಯಲ್ಲಿ ಯಾರೋ ತೆರೆದ ದುಷ್ಟ ಕಡತವೊಂದು ಕೆಳಗಿನ ಲೆಕ್ಕದ ಪುಸ್ತಕಗಳನ್ನೆಲ್ಲ ಬೀಗ ಜಡಿದು ಹಣ ಕೇಳಬಹುದು. ಆದುದರಿಂದ ಮೇಲಿನವರು ಹೆಬ್ಬಾಗಿಲಿಗೆ ಹೋಗಲಿ, ನಡುಮನೆಗೆ ಬೇಡ ಎಂಬ ಕಟ್ಟಳೆಯನ್ನು ರೂಟರಿನಲ್ಲಿ ಮೊದಲೇ ಬರೆದಿಡಬೇಕು. ಅಗತ್ಯವಾದ ಒಂದೆರಡು ಯಂತ್ರಗಳಿಗಷ್ಟೇ ವಿನಾಯಿತಿ. ಎರಡೂ ಕಚೇರಿಗಳು ಬೇರೆ ಬೇರೆ ಒಡೆಯರವಾದರೆ, ಹಂಚುವ ಮುನ್ನ ಸಂಪರ್ಕ ಕೊಟ್ಟ ಕಂಪನಿಯ ಕರಾರುಪತ್ರವನ್ನೂ ಓದಿಕೊಳ್ಳುವುದು ಲೇಸು.