ಎದುರು ಮಾತಿನ ಹಸಿವು

ಕಳೆದ ಮಳೆಗಾಲದಲ್ಲಿ ಹಳೆಯ ಪರಿಚಿತರೊಬ್ಬರನ್ನು ಕಾಣುವುದಕ್ಕಾಗಿ ಬ್ರಹ್ಮಾವರದ ಆಸುಪಾಸಿನ ಒಂದು ವೃದ್ಧಾಶ್ರಮಕ್ಕೆ ಹೋಗಿದ್ದೆ. ಹೊತ್ತುಹೊತ್ತಿಗೆ ಗಂಜಿ, ಔಷಧ, ಒಗೆದ ಬಟ್ಟೆ, ಯಾವುದಕ್ಕೂ ಕೊರತೆಯಿರಲಿಲ್ಲ. ಅಂದು ಅಲ್ಲಿ ‘ಕಲಾ ಚಟುವಟಿಕೆ’ಯ ದಿನ. ಎಂಬತ್ತು ದಾಟಿದವರ ಕೈಗೆ ಶಿಶುವಿಹಾರದ ಮಕ್ಕಳಿಗೆ ಕೊಡುವಂಥ ಚಿತ್ರದ ಹಾಳೆಯನ್ನೂ ಬಣ್ಣದ ಕಡ್ಡಿಗಳನ್ನೂ ಕೊಟ್ಟು, ಗೆರೆ ಮೀರದಂತೆ ಬಣ್ಣ ತುಂಬಿದವರಿಗೆ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಪರಿಚಿತರ ಪಾಲಿಗೆ ಬಂದದ್ದು ಒಂದು ಬಾತುಕೋಳಿ. ಊರಿನ ತಾಳಮದ್ದಳೆಗಳಲ್ಲಿ ಹಲವು ವರ್ಷ ವಾಲಿಯ ಅರ್ಥ ಹೇಳಿ, ಎದುರಿನ ರಾಮನನ್ನು ನಡುರಾತ್ರಿಯವರೆಗೂ ಪ್ರಶ್ನೆಗಳಿಂದ ಕಟ್ಟಿಹಾಕುತ್ತಿದ್ದವರು ಅವರು. ಹಾಳೆಯನ್ನು ಬದಿಗೆ ಸರಿಸಿ, ‘ಇಲ್ಲ್ ಎಲ್ಲ ಇತ್ತ್, ಕಾಣಿ; ಎದ್ರ್ ಮಾತಾಡುಕೆ ಜನ ಇಲ್ಲೆ’ ಎಂದರು.

ಹಾಳೆ ಹಂಚಿದವರ ಸದುದ್ದೇಶವನ್ನು ನಾನು ಶಂಕಿಸುವುದಿಲ್ಲ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕಾಯಿದೆಯು, ಜಿಲ್ಲೆಗೊಂದಾದರೂ ವೃದ್ಧಾಶ್ರಮವಿರಬೇಕು, ಅದರಲ್ಲಿ ಕಡಿಮೆಯೆಂದರೆ 150 ನಿರ್ಗತಿಕರಿಗೆ ಎಡೆಯಿರಬೇಕು ಎನ್ನುವಾಗ, ವೈದ್ಯಕೀಯ ಆರೈಕೆಯ ಜೊತೆಗೇ ಮನೋರಂಜನೆಯನ್ನೂ ಹೆಸರಿಸಿದೆ. ಹೆಸರಿಸಿದ್ದು ಒಳ್ಳೆಯದೇ. ಆದರೆ ಮನೋರಂಜನೆಯೆಂಬ ಮಾತು ವೃದ್ಧರನ್ನು ಬರಿಯ ಪ್ರೇಕ್ಷಕರನ್ನಾಗಿ ಮಾಡಿ ಕೂರಿಸಿಬಿಡುತ್ತದೆ. ಹೊತ್ತು ಕಳೆಯುವುದಷ್ಟೇ ಅವರಿಗೆ ಉಳಿದ ಕೆಲಸವೆಂದು ನಾವು ಮೊದಲೇ ತೀರ್ಮಾನಿಸಿಕೊಂಡಂತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪು ವಿಭಾಗವು 900ಕ್ಕೂ ಮಿಕ್ಕ ಪ್ರಕಟಣೆಗಳನ್ನು ಪರಿಶೀಲಿಸಿ 2019ರಲ್ಲಿ ಹೊರತಂದ ವರದಿಯು, ಕಲೆಗೂ ಆರೋಗ್ಯಕ್ಕೂ ಇರುವ ನಂಟನ್ನು ವಿಸ್ತಾರವಾಗಿ ತೋರಿಸಿಕೊಟ್ಟಿದೆ. ಅದನ್ನು ಒಪ್ಪೋಣ. ಯಾವ ಕಲೆ, ಯಾರ ಕಲೆ ಎಂಬುದನ್ನು ಮಾತ್ರ ನಮ್ಮ ನೆಲದಲ್ಲಿ ನಿಂತು ನಾವೇ ಕೇಳಿಕೊಳ್ಳಬೇಕು.

ಈ ನೆಲವಾದರೋ ಸಾಮಾನ್ಯವಾದುದಲ್ಲ. ಬಡಗುತಿಟ್ಟಿನ ಎರಡು ಶೈಲಿಗಳಿಗೆ ಹೆಸರು ಕೊಟ್ಟ ಹಾರಾಡಿ, ಮಟಪಾಡಿಗಳು ಬ್ರಹ್ಮಾವರದ ಮಗ್ಗುಲಿನ ಹಳ್ಳಿಗಳು. ಇಲ್ಲಿಯ ಮುದುಕರಲ್ಲಿ ಅನೇಕರು ವೇಷ ಕಟ್ಟದಿದ್ದರೂ ಭಾಗವತರ ತಾಳ ತಪ್ಪಿದ್ದನ್ನು ಹಿಂದಿನ ಸಾಲಿನಲ್ಲಿ ಕುಳಿತೇ ಗುರುತಿಸಬಲ್ಲವರು. ಇನ್ನು ತಾಳಮದ್ದಳೆಯಂತೂ ಮುಪ್ಪಿಗೆಂದೇ ಹುಟ್ಟಿತೋ ಎಂಬಂತಿದೆ. ಅದಕ್ಕೆ ಕುಣಿತವಿಲ್ಲ, ಗೆಜ್ಜೆಯಿಲ್ಲ, ಕಿರೀಟದ ಭಾರವಿಲ್ಲ. ಮಂಡಿ ಸೋತವನೂ ಕುಳಿತಲ್ಲಿಂದಲೇ ಕೌರವನಾಗಬಹುದು. ಬೇಕಾದದ್ದು ಜ್ಞಾಪಕ, ಮಾತು, ಮತ್ತು ಎದುರಿಗೊಬ್ಬ ಪ್ರತಿಪಕ್ಷಿ. ವೃದ್ಧಾಶ್ರಮದಲ್ಲಿ ಇಲ್ಲದ್ದು ಆ ಪ್ರತಿಪಕ್ಷಿಯೇ. ಅಲ್ಲಿ ಎಲ್ಲರೂ ‘ಹೌದಜ್ಜಾ’ ಎನ್ನುತ್ತಾರೆ. ದಿನವೆಲ್ಲ ಹೌದೆನ್ನಿಸಿಕೊಳ್ಳುವುದು ಎಷ್ಟು ದೊಡ್ಡ ಏಕಾಂತವೆಂಬುದು ಚಿಕ್ಕವರಿಗೆ ತಿಳಿಯುವುದು ಕಷ್ಟ.

ಹಿರಿಯಡಕ ಗೋಪಾಲರಾಯರನ್ನು ನೆನೆಯಬೇಕು. 1919ರಲ್ಲಿ ಹುಟ್ಟಿದ ಆ ಮದ್ದಳೆಗಾರರು 2020ರಲ್ಲಿ ಶತಾಯುಷಿಗಳಾಗಿ ತೀರಿಕೊಂಡರು. ಮೇಳದ ತಿರುಗಾಟ ಮುಗಿದ ಮೇಲೂ ಅವರು ಗುರುಗಳಾಗಿ ಉಳಿದರು. ಅವರಂಥ ವಿದ್ವತ್ತು ಎಲ್ಲರಲ್ಲೂ ಇರುವುದಿಲ್ಲ, ನಿಜ. ಆದರೆ ತಿದ್ದುವ ಅಧಿಕಾರ ಉಳಿದಿರುವ ಮುಪ್ಪಿಗೂ ಅದು ಕಳೆದುಹೋದ ಮುಪ್ಪಿಗೂ ಇರುವ ಅಂತರ ಸಾಮಾನ್ಯರ ಬಾಳಿನಲ್ಲಿಯೂ ಅಷ್ಟೇ ದೊಡ್ಡದು. ನೆರೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1968ರಲ್ಲಿ ಪ್ರಕಟಿಸಿದ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯ ಅಜ್ಜಿಗೆ ಕೇಳುವ ಮೊಮ್ಮಗನೊಬ್ಬನಿದ್ದ. ಅವನು ಮುಂಬಯಿಗೋ ದುಬಾಯಿಗೋ ಹೋಗಿದ್ದರೆ ಆ ಅಜ್ಜಿ ಹೆಸರಿಗೆ ತಕ್ಕಂತೆ ಮೂಕಳಾಗಿಯೇ ಇರುತ್ತಿದ್ದಳೇನೋ!

ಎಲ್ಲರಿಗೂ ಯಕ್ಷಗಾನವೇ ಆಗಬೇಕೆಂದು ನನ್ನ ಹಟವಲ್ಲ. ಸೋಬಾನೆ ಬಲ್ಲ ಹೆಂಗಸರಿದ್ದಾರೆ. ಮದುವೆಮನೆಯ ವೊವಿಯೊ ಹಾಡುಗಳನ್ನು ಬಲ್ಲ ಕೊಂಕಣಿ ಕ್ರೈಸ್ತ ಅಜ್ಜಿಯರಿದ್ದಾರೆ. ಸುಮ್ಮನೆ ಮಳೆ ನೋಡುತ್ತ ಕೂರಬೇಕೆನ್ನುವವರೂ ಇದ್ದಾರೆ, ಅವರನ್ನು ಕಾಡಬಾರದು. ಬಣ್ಣದ ಕಡ್ಡಿಯಲ್ಲಿ ಸುಖ ಕಾಣುವವರಿಂದ ಅದನ್ನು ಕಸಿಯಲೂ ಬೇಡ. ಕೊಡುವ ಮೊದಲು ‘ನಿಮಗೇನು ಬರುತ್ತದೆ?’ ಎಂದೊಮ್ಮೆ ಕೇಳಿದರೆ ಸಾಕು.

ನವರಾತ್ರಿಯಲ್ಲಿ ಮನೆಮನೆಗೆ ಹೋಗುವ ಹೂವಿನ ಕೋಲಿನ ಪದ್ಧತಿ ನಮ್ಮಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಹುಡುಗರು ಎದುರುಬದುರಾಗಿ ಕುಳಿತು ಅರ್ಥ ಹೇಳುವಾಗ, ಮನೆಯ ಹಿರಿಯರು ಜಗಲಿಯಿಂದಲೇ ತಪ್ಪು ತಿದ್ದುತ್ತಿದ್ದುದನ್ನು ನಾನು ಕಂಡಿದ್ದೇನೆ. ಈಗ ಜಗಲಿಗಳಿಗೆ ಬೀಗ ಬಿದ್ದಿದ್ದರೆ ಹೂವಿನ ಕೋಲು ಆ ಹಿರಿಯರಿರುವಲ್ಲಿಗೇ ಹೋಗಲಿ. ಈ ಮಾತನ್ನು ಆಶ್ರಮದ ಮೇಲ್ವಿಚಾರಕರಲ್ಲಿ ಆಡಿದೆ. ಮದ್ದಳೆಯ ಸದ್ದಿಗೆ ಕಾಯಿಲೆಯವರ ನಿದ್ದೆ ಕೆಟ್ಟೀತೆಂದು ಅವರು ಸ್ವಲ್ಪ ಅನುಮಾನಿಸಿ, ಕೊನೆಗೆ ಸಂಜೆ ನಾಲ್ಕರಿಂದ ಐದರವರೆಗೆ ಆಗಬಹುದೆಂದರು. ಸುದ್ದಿಯನ್ನು ಪರಿಚಿತರಿಗೆ ತಿಳಿಸಿದೆ. ಸಂತೋಷವಾಯಿತೆಂದು ಅವರು ಹೇಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, ‘ರಾಮ ಮಾಡುದ್ ಯಾರ್?’ ಎಂದು ಕೇಳಿದರು.