ಟ್ಯಾಕಿಪ್ನಿಯಾ ಅಂದ್ರೆ ಉಬ್ಬಸ ಅಲ್ಲ ಸ್ವಾಮೀ!

ತುಂಬಾ ದಿನದಿಂದ ಇದನ್ನ ಬರೀಬೇಕು ಅಂತಿದ್ದೆ. ಆರೋಗ್ಯದ ಬಗ್ಗೆ ಕನ್ನಡದಲ್ಲಿ ಬರೆಯೋ ಗೆಳೆಯರು ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ. ಟ್ಯಾಕಿಪ್ನಿಯಾ ಅನ್ನೋ ಪದ ಎದುರಾದ ತಕ್ಷಣ "ಉಬ್ಬಸ" ಅಂತ ಬರೆದು ಮುಂದೆ ಹೋಗ್ತೀರಲ್ಲ, ಅದು ತಪ್ಪು. ಬರೀ ತಪ್ಪಲ್ಲ, ಅಪಾಯ.

ನಮ್ಮನೇಲೇ ಆಗಿದ್ದು ಹೇಳ್ತೀನಿ ಕೇಳಿ. ಅಕ್ಕನ ಮಗಳಿಗೆ ಆಗ ಏಳು ತಿಂಗಳು. ನೆಗಡಿ, ಜ್ವರ. ಎರಡನೇ ದಿನ ರಾತ್ರಿ ಅಮ್ಮ, "ಮಗು ಯಾಕೋ ಬೇಗ ಬೇಗ ಉಸಿರಾಡ್ತಿದೆ ಕಣೋ, ಹೊಟ್ಟೆ ನೋಡು" ಅಂದ್ರು. ನಾನು ಮಹಾ ಮೇಧಾವಿ... ಎದೆಗೆ ಕಿವಿ ಇಟ್ಟೆ. ಸುಂಯ್ ಅನ್ನೋ ಸದ್ದಿಲ್ಲ. "ಉಬ್ಬಸ ಏನಿಲ್ಲಮ್ಮ, ಬೆಳಿಗ್ಗೆ ನೋಡೋಣ" ಅಂದೆ. ಬೆಳಿಗ್ಗೆ ಆಸ್ಪತ್ರೆಯಲ್ಲಿ ನರ್ಸಮ್ಮ ಮಗುವಿನ ಅಂಗಿ ಎತ್ತಿ, ಗಡಿಯಾರ ನೋಡ್ತಾ ಒಂದು ನಿಮಿಷ ಪೂರ್ತಿ ಎಣಿಸಿದ್ರು. 64. ನ್ಯುಮೋನಿಯಾ. ಐದು ದಿನ ಅಲ್ಲೇ ಇರಬೇಕಾಯ್ತು. ಮಗು ಹುಷಾರಾಯ್ತು, ಈಗ ನನ್ನ ತಲೆ ತಿನ್ನುತ್ತೆ :-) ಆದ್ರೆ ಆ ರಾತ್ರಿ ಹಾಳಾಗಿದ್ದು ನನ್ನ ಪದಜ್ಞಾನದಿಂದ.

ಟ್ಯಾಕಿಪ್ನಿಯಾ ಕಾಯಿಲೆಯ ಹೆಸರಲ್ಲ. ಅದೊಂದು ಲೆಕ್ಕ, ಅಷ್ಟೆ. ನಿಮಿಷಕ್ಕೆ ಎಷ್ಟು ಉಸಿರು ಅನ್ನೋ ಲೆಕ್ಕ ವಯಸ್ಸಿಗೆ ತಕ್ಕ ಮಿತಿ ದಾಟಿದ್ರೆ ಆ ಹೆಸರು. ಸುಮ್ಮನೆ ಕೂತಿರೋ ದೊಡ್ಡವರಲ್ಲಿ 12ರಿಂದ 20. ಕೆಮ್ಮಿರೋ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಗೆರೆ ಹೀಗಿದೆ: ಎರಡು ತಿಂಗಳು ತುಂಬದ ಕೂಸಿಗೆ 60, ಎರಡು ತಿಂಗಳಿಂದ ವರ್ಷ ತುಂಬೋವರೆಗೆ 50, ಆಮೇಲೆ ಐದು ವರ್ಷದವರೆಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ವೇಗ ಅಂತಲೇ ಅರ್ಥ. ಮಗು ಅಳ್ತಿರಬಾರದು, ಹಾಲು ಕುಡೀತಿರಬಾರದು, ಎಣಿಕೆ ಪೂರ್ತಿ ಒಂದು ನಿಮಿಷ ಆಗಬೇಕು. ಸ್ಟೆತಾಸ್ಕೋಪ್ ಬೇಡ, ಗಡಿಯಾರ ಸಾಕು.

ಉಬ್ಬಸ ಬೇರೆ, ಅಲ್ಲಿ ಸದ್ದಿರುತ್ತೆ. ಏದುಸಿರು ಮೆಟ್ಟಿಲು ಹತ್ತಿದವನದ್ದು. ಮೇಲುಸಿರು ಅಂದ್ರಂತೂ ಮನೆಯವರೆಲ್ಲ ಅಳೋಕೆ ಶುರು ಮಾಡ್ತಾರೆ. ಉಸಿರು ಸಾಲ್ತಿಲ್ಲ ಅಂತ ರೋಗಿಗೆ ಅನ್ನಿಸೋದು ಡಿಸ್‌ಪ್ನಿಯಾ, ಅದನ್ನ ಅವನೇ ಹೇಳಬೇಕು. ಟ್ಯಾಕಿಪ್ನಿಯಾನ ಪಕ್ಕದಲ್ಲಿ ಕೂತವರು ಎಣಿಸಬಹುದು. ಒಂದಿದ್ದು ಇನ್ನೊಂದು ಇಲ್ಲದೇ ಇರಬಹುದು. ಬರೀ ಜ್ವರಕ್ಕೂ ಉಸಿರು ವೇಗವಾಗುತ್ತೆ. ಸಕ್ಕರೆ ಕಾಯಿಲೆ ಕೈಮೀರಿ ರಕ್ತ ಆಮ್ಲ ಆದಾಗಲೂ ಆಗುತ್ತೆ, ಶ್ವಾಸಕೋಶ ಚೆನ್ನಾಗೇ ಇದ್ರೂ! ಇಷ್ಟನ್ನೆಲ್ಲ ಒಂದು "ಉಬ್ಬಸ"ದೊಳಗೆ ತುರುಕಿದ್ರೆ ಓದೋನು ಇನ್‌ಹೇಲರ್ ಹುಡುಕ್ತಾನೆ, ಇಲ್ಲಾ ನನ್ನ ಹಾಗೆ ಸುಂಯ್ ಸದ್ದಿಗೆ ಕಾಯ್ತಾನೆ.

ಇನ್ನೊಂದು ಗುಂಪಿದೆ. ಅವರಿಗೆ "ಶೀಘ್ರಶ್ವಸನ"ವೇ ಆಗಬೇಕು. ಯಾರಿಗೆ ಸ್ವಾಮಿ ಇದು? ನಮ್ಮಮ್ಮನಿಗಂತೂ ಅಲ್ಲ. "ಕನ್ನಡದಲ್ಲಿ ಪದ ಇಲ್ಲ, ಟ್ಯಾಕಿಪ್ನಿಯಾ ಅಂತಲೇ ಇರಲಿ" ಅನ್ನೋರಿಗೂ ಒಂದು ಮಾತು. ಡಾಕ್ಟರು ಡಾಕ್ಟರಿಗೆ ಬರೆಯುವಾಗ ಖಂಡಿತ ಇರಲಿ. ಆದ್ರೆ ಗ್ರೀಕ್‌ನಲ್ಲಿ ಟ್ಯಾಕಿಸ್ ಅಂದ್ರೆ ಬೇಗ, ಪ್ನೋಯೆ ಅಂದ್ರೆ ಉಸಿರು. ಅಮ್ಮ ಅವತ್ತು ರಾತ್ರಿ ಹೇಳಿದ್ದೂ ಅಕ್ಷರಶಃ ಅದನ್ನೇ ಅಲ್ವಾ? ರೋಗಲಕ್ಷಣ ಸರಿಯಾಗಿ ಹೇಳಿದ್ದು ಅವರು, ತಪ್ಪಾಗಿ ಅನುವಾದ ಮಾಡಿದ್ದು ನಾನು.

ಹಾಗಾಗಿ ಹೊಸ ಪದ ಕಟ್ಟೋ ಗೋಜೇ ನಂಗೆ ಬೇಡ. "ಬೇಗ ಬೇಗ ಉಸಿರಾಟ" ಅಂತ ಬರೀರಿ, ಪಕ್ಕದಲ್ಲಿ ವಯಸ್ಸು ಮತ್ತು ಸಂಖ್ಯೆ ಹಾಕಿ. ಪಕ್ಕೆ ಒಳಗೆ ಎಳೀತಿದ್ರೆ, ಮಗು ಹಾಲು ಬಿಟ್ಟಿದ್ರೆ ಎಣಿಸ್ತಾ ಕೂರದೆ ಹೊರಡಿ ಅಂತಲೂ ಸೇರಿಸಿ. ಹಳೇ ಬರಹಗಳಲ್ಲಿ "ಉಬ್ಬಸ" ಅಂತ ಹಾಕಿದ್ರೆ ದಯವಿಟ್ಟು ಇವತ್ತೇ ತಿದ್ದಿ.